ಅಂಕಿತವಿಲ್ಲದ ಹಾಡು

ಕಳೆದ ತಿಂಗಳು ನಮ್ಮ ಕಾಲೇಜಿನ ವಾರ್ಷಿಕೋತ್ಸವ ನಡೆಯಿತು. ಭಾಷಣಗಳು ಮುಗಿದು, ಬಹುಮಾನಗಳನ್ನು ಹಂಚಿಯಾದ ಮೇಲೆ ವಿದ್ಯಾರ್ಥಿಗಳ ಮನರಂಜನೆಯ ಸರದಿ ಬಂತು. ಎರಡನೆಯ ವರ್ಷದ ಬಿ.ಎ. ತರಗತಿಯ ನಾಲ್ವರು ಹುಡುಗರು ಒಂದು ಗಿಟಾರು ಹಿಡಿದು ವೇದಿಕೆಯೇರಿ, ಕಾಡಿನಲ್ಲಿ ಮಲಗಿ ನಿದ್ರಿಸುವ ಸಿಂಹವನ್ನು ಕುರಿತ ಇಂಗ್ಲಿಷ್ ಹಾಡೊಂದನ್ನು ಹಾಡಿದರು. ಮೂವರು ಕೆಳಗಿನ ಸ್ಥಾಯಿಯಲ್ಲಿ ಅರ್ಥವಾಗದ ಒಂದೇ ಶಬ್ದವನ್ನು ತಾಳಕ್ಕೆ ಸರಿಯಾಗಿ ಮತ್ತೆ ಮತ್ತೆ ಹೇಳುತ್ತಿದ್ದರೆ, ನಾಲ್ಕನೆಯವನು ಕಳ್ಳಶಾರೀರದಲ್ಲಿ ಮೇಲಕ್ಕೆ ಹೋಗಿ ಅಲ್ಲೇ ತೇಲುತ್ತಿದ್ದ. ಸಭೆ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ಅವರ ನಂತರ ಹುಡುಗಿಯೊಬ್ಬಳು ಪುರಂದರದಾಸರ ಪದವೊಂದನ್ನು ಹಾಡಿ ಎಲ್ಲರ ಮನಸ್ಸನ್ನೂ ತಣಿಸಿದಳು.

ಮರುದಿನ ತರಗತಿಯಲ್ಲಿ ನಾನು ಆ ಹುಡುಗರನ್ನು, "ನಿನ್ನೆ ಹಾಡಿದಿರಲ್ಲ, ಆ ಹಾಡು ಯಾರದು?" ಎಂದು ಕೇಳಿದೆ. ಒಬ್ಬ, "ಸಿನಿಮಾದ್ದು ಸರ್" ಎಂದ. ಇನ್ನೊಬ್ಬ, "ಇಲ್ಲ, ಅದಕ್ಕಿಂತ ಹಳೆಯದು, ಯಾವುದೋ ಅಮೆರಿಕದ ತಂಡದ್ದು" ಎಂದ. ದಾಸರ ಪದದ ಕರ್ತೃ ಯಾರೆಂದು ಕೇಳಿದಾಗ ಮಾತ್ರ ಇಡೀ ತರಗತಿ ಒಕ್ಕೊರಲಿನಿಂದ ಉತ್ತರ ಕೊಟ್ಟಿತು. ಕನ್ನಡದ ಅಧ್ಯಾಪಕನಿಗೆ ಇಂಥ ಅವಕಾಶ ಸಿಕ್ಕರೆ ಬಿಡುವುದುಂಟೆ? ಅಂಕಿತದ ಮಹಿಮೆಯನ್ನು ಕುರಿತು ಹತ್ತು ನಿಮಿಷ ಮಾತನಾಡಿದೆ. ಎಲ್ಲ ಮುಗಿದ ಮೇಲೆ, ಹಾಡಿದ ಆ ಹುಡುಗಿಯೇ ಎದ್ದು ನಿಂತು, "ಪದ ದಾಸರದು ಸರಿ ಸರ್, ಈ ಧಾಟಿ ಯಾರದು?" ಎಂದು ಕೇಳಿದಳು. ನನಗೆ ತಿಳಿದಿರಲಿಲ್ಲ. ಗಂಟೆ ಬಾರಿಸಿ ನನ್ನ ಮಾನ ಉಳಿಯಿತು.

ಆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ದಾಸರ ಪದದ ಧಾಟಿಯನ್ನು ಹುಡುಕುವ ಮೊದಲು ಆ ಸಿಂಹದ ಹಾಡಿನ ಮೂಲವನ್ನಾದರೂ ತಿಳಿಯೋಣವೆಂದು ಹೊರಟೆ. ತಿಳಿದ ಸಂಗತಿ ನಾನೆಣಿಸಿದ್ದಕ್ಕಿಂತ ದೊಡ್ಡದಾಗಿತ್ತು.

ಒಬ್ಬರು ಹಾಡಿ ಹೆಸರಾದ ಹಾಡನ್ನು ಮತ್ತೊಬ್ಬರು ತಮ್ಮ ಕಂಠದಲ್ಲಿ ಹಾಡಿ ಮುದ್ರಿಸಿದರೆ ಅದಕ್ಕೆ ಇಂಗ್ಲಿಷಿನಲ್ಲಿ 'ಕವರ್' ಎನ್ನುತ್ತಾರೆ. ಮರುಹಾಡು ಎಂದು ನಾವು ಕರೆಯಬಹುದು. ಹಾಡುವುದೆಂದರೆ ಬಹುಮಟ್ಟಿಗೆ ಮತ್ತೆ ಹಾಡುವುದೇ. ಇದರಲ್ಲಿ ಹೊಸತೇನೂ ಇಲ್ಲ. ಹೊಸತಾಗಿ ಬಂದದ್ದು ಯಂತ್ರ, ಯಂತ್ರದ ಹಿಂದೆ ಬಂದದ್ದು ಹಣ, ಹಣದ ಹಿಂದೆ ಬಂದದ್ದು ನ್ಯಾಯಾಲಯ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಅಮೆರಿಕದ ಮನೆಮನೆಗಳಲ್ಲಿ ತಾನೇ ನುಡಿಯುವ ಪಿಯಾನೊ ಬಂದಿತ್ತು. ರಂಧ್ರಗಳನ್ನು ಕೊರೆದ ಕಾಗದದ ಸುರುಳಿಯನ್ನು ಅದರೊಳಗೆ ಸೇರಿಸಿದರೆ ಸಾಕು, ವಾದಕನಿಲ್ಲದೆ ವಾದನ ನಡೆಯುತ್ತಿತ್ತು. ಆ ಸುರುಳಿಗಳನ್ನು ತಯಾರಿಸುವವರು ಹಾಡು ಕಟ್ಟಿದವನಿಗೆ ಹಣ ಕೊಡಬೇಕೆ ಎಂಬ ವ್ಯಾಜ್ಯ ಹುಟ್ಟಿತು. ಮನುಷ್ಯನ ಕಣ್ಣಿಗೆ ಓದಲು ಬಾರದ ರಂಧ್ರಗಳು ಹಾಡಿನ 'ಪ್ರತಿ'ಯಲ್ಲ, ಆದ್ದರಿಂದ ಕೊಡಬೇಕಾಗಿಲ್ಲ ಎಂದು ೧೯೦೮ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಮರುವರ್ಷವೇ ಶಾಸನಸಭೆ ಕಾನೂನನ್ನು ತಿದ್ದಿತು. ಹಾಡನ್ನು ಯಂತ್ರದಲ್ಲಿ ಮುದ್ರಿಸಲು ಮೊದಲು ಒಪ್ಪಿಗೆ ಕೊಡುವ ಹಕ್ಕು ಕರ್ತೃವಿನದು. ಒಬ್ಬರಿಗೆ ಒಪ್ಪಿಗೆ ಕೊಟ್ಟ ಮೇಲೆ ಮಾತ್ರ, ಪ್ರತಿಯೊಂದಕ್ಕೆ ಎರಡು ಸೆಂಟ್ ತೆತ್ತು ಯಾರು ಬೇಕಾದರೂ ಅದನ್ನು ಮತ್ತೆ ಮುದ್ರಿಸಬಹುದು. ಆ ಎರಡು ಸೆಂಟಿನ ದರ ಸುಮಾರು ಏಳು ದಶಕಗಳ ಕಾಲ ಕದಲಲಿಲ್ಲ. ಮರುಹಾಡಿನ ಇಡೀ ಉದ್ಯಮ ಬೆಳೆದದ್ದು ಈ ಅಡಿಪಾಯದ ಮೇಲೆ.

ಈ ಏರ್ಪಾಡಿನಿಂದ ಒಳ್ಳೆಯದಾದ ಉದಾಹರಣೆಗಳು ಬೇಕಾದಷ್ಟಿವೆ. ಓಟಿಸ್ ರೆಡಿಂಗ್ ಎಂಬ ನೀಗ್ರೋ ಗಾಯಕ ೧೯೬೫ರಲ್ಲಿ 'ರೆಸ್ಪೆಕ್ಟ್' ಎಂಬ ಹಾಡನ್ನು ತಾನೇ ಬರೆದು ಹಾಡಿದ. ದುಡಿದು ದಣಿದು ಮನೆಗೆ ಬಂದ ಗಂಡಸು ಹೆಂಡತಿಯಿಂದ ಮರ್ಯಾದೆ ಬೇಡುವ ಹಾಡು ಅದು. ಎರಡು ವರ್ಷಗಳ ತರುವಾಯ, ೧೯೬೭ರಲ್ಲಿ, ಅರೀಥಾ ಫ್ರ್ಯಾಂಕ್ಲಿನ್ ಅದನ್ನು ಎತ್ತಿಕೊಂಡು, ಕೆಲವು ಮಾತು ಸೇರಿಸಿ, ಹೆಂಗಸಿನ ಬಾಯಲ್ಲಿಟ್ಟು ಹಾಡಿದಳು. ಹಾಡಿನ ಅರ್ಥವೇ ಮಗುಚಿಕೊಂಡಿತು. ಇಂದು ಜನ ಅದನ್ನು ಆಕೆಯ ಹಾಡೆಂದೇ ತಿಳಿಯುತ್ತಾರೆ. ರೆಡಿಂಗನೂ ಅದೇ ವರ್ಷ ಒಂದು ಉತ್ಸವದಲ್ಲಿ, ಹುಡುಗಿಯೊಬ್ಬಳು ನನ್ನಿಂದ ಕಿತ್ತುಕೊಂಡ ಹಾಡಿದು ಎಂದು ನಗುನಗುತ್ತ ಹೇಳಿಯೇ ಹಾಡಿದ. ನಗಲು ಆತನಿಗೆ ಕಾರಣವಿತ್ತು: ಮುದ್ರಿಕೆಯ ಮೇಲೆ ರಚಿಸಿದವನ ಹೆಸರು ಹಾಗೆಯೇ ಇತ್ತು, ಹೆಸರಿದ್ದೆಡೆಗೆ ಹಣವೂ ಹೋಗುತ್ತಿತ್ತು.

ಇದರ ಇನ್ನೊಂದು ಮುಖ ಅಷ್ಟು ಚೆಲುವಾದದ್ದಲ್ಲ. ೧೯೫೦ರ ದಶಕದ ಅಮೆರಿಕದಲ್ಲಿ ಕರಿಯರ ಮುದ್ರಿಕೆಗಳನ್ನು ಬಿಳಿಯರ ಬಹಳಷ್ಟು ರೇಡಿಯೊ ನಿಲಯಗಳು ಪ್ರಸಾರ ಮಾಡುತ್ತಿರಲಿಲ್ಲ. ಕರಿಯ ಗಾಯಕರ ಹಾಡೊಂದು ಜನಪ್ರಿಯವಾಗುತ್ತಿದೆ ಎಂಬ ಸುಳಿವು ಸಿಕ್ಕ ಕೂಡಲೇ ದೊಡ್ಡ ಸಂಸ್ಥೆಗಳು ಬಿಳಿಯ ಗಾಯಕರಿಂದ ಅದನ್ನೇ ಹಾಡಿಸಿ ಪೇಟೆಗೆ ಬಿಡುತ್ತಿದ್ದವು. ಲವರ್ನ್ ಬೇಕರ್ ಎಂಬಾಕೆ ಹಾಡಿದ 'ಟ್ವೀಡ್ಲ್ ಡೀ' ಎಂಬ ಹಾಡನ್ನು ೧೯೫೫ರ ಮೊದಲಲ್ಲಿ ಜಾರ್ಜಿಯಾ ಗಿಬ್ಸ್ ಹಾಡಿ ಬಹಳ ಹೆಚ್ಚಿನ ಯಶಸ್ಸು ಪಡೆದಳು. ಹಾಡು ಒಂದೇ ಆಗಿದ್ದರೆ ಬೇಕರಳ ತಕರಾರಿರಲಿಲ್ಲ. ವಾದ್ಯಗಳ ಹೊಂದಿಕೆ, ಹಾಡಿನ ಏರಿಳಿತ ಎಲ್ಲವೂ ಪಡಿಯಚ್ಚಾಗಿದ್ದವು. ಕಾನೂನು ತಿದ್ದಬೇಕೆಂದು ಆಕೆ ಚಾರ್ಲ್ಸ್ ಡಿಗ್ಸ್ ಎಂಬ ಶಾಸನಸಭೆಯ ಸದಸ್ಯನಿಗೆ ಪತ್ರ ಬರೆದಳು. ಫಲವೇನೂ ಆಗಲಿಲ್ಲ. ಬರೆದವನಿಗೆ ಎರಡು ಸೆಂಟ್ ಸಂದರೆ ಕಾನೂನಿನ ಲೆಕ್ಕ ಚುಕ್ತಾ. ಮೊದಲು ಹಾಡಿ ಅದಕ್ಕೆ ರೂಪ ಕೊಟ್ಟವಳಿಗೆ ಆ ಪುಸ್ತಕದಲ್ಲಿ ಖಾತೆಯೇ ಇರಲಿಲ್ಲ.

ಇವರಿಬ್ಬರಿಗೂ ಹೆಸರಾದರೂ ಇತ್ತು. ನಮ್ಮ ಹುಡುಗರು ಹಾಡಿದ ಹಾಡಿನ ಕರ್ತೃವಿಗೆ ಅದೂ ಉಳಿಯಲಿಲ್ಲ.

ಆತನ ಹೆಸರು ಸಾಲೊಮನ್ ಲಿಂಡಾ. ದಕ್ಷಿಣ ಆಫ್ರಿಕದ ನೇಟಾಲ್ ಪ್ರಾಂತದ ಹಳ್ಳಿಗಾಡಿನಲ್ಲಿ ೧೯೦೯ರಲ್ಲಿ ಹುಟ್ಟಿದ ಜುಲು ಜನಾಂಗದವನು. ಬಾಲ್ಯದಲ್ಲಿ ದನ ಕಾದ. ಮಿಷನ್ ಶಾಲೆಯಲ್ಲಿ ಪಾಶ್ಚಾತ್ಯ ಸಂಗೀತದ ಪರಿಚಯ ಮಾಡಿಕೊಂಡ. ಆ ಸೀಮೆಯ ಸಾವಿರಾರು ತರುಣರಂತೆ ೧೯೩೦ರ ದಶಕದ ಮೊದಲಲ್ಲಿ ಹೊಟ್ಟೆಪಾಡಿಗಾಗಿ ಚಿನ್ನದ ಗಣಿಗಳ ನಗರವಾದ ಜೊಹಾನ್ಸ್‌ಬರ್ಗಿಗೆ ಬಂದ. ಹಗಲು ಕೂಲಿ, ರಾತ್ರಿ ಹಾಡು. ಕೂಲಿಗಾರರ ವಸತಿಗೃಹಗಳಲ್ಲಿ ವಾರದ ಕೊನೆಗೆ ಹಾಡಿನ ಸ್ಪರ್ಧೆಗಳು ನಡೆಯುತ್ತಿದ್ದವು. ಲಿಂಡಾ 'ಈವನಿಂಗ್ ಬರ್ಡ್ಸ್', ಎಂದರೆ ಸಂಜೆಯ ಹಕ್ಕಿಗಳು, ಎಂಬ ತಂಡ ಕಟ್ಟಿದ. ಗೆರೆಗೆರೆಯ ಸೂಟು, ಟೊಪ್ಪಿಗೆ ತೊಟ್ಟು ಠೀವಿಯಿಂದ ಬರುತ್ತಿದ್ದ ಆ ತಂಡ ಹೆಸರುವಾಸಿಯಾಯಿತು. ಎಲ್ಲರ ದನಿಯ ಮೇಲೆ ಲಿಂಡಾನ ಎತ್ತರದ ದನಿ. ಕೆಳಗೆ ಹಲವರು ಕೂಡಿ ಹಿಡಿದ ಮಂದ್ರ.

ಗ್ಯಾಲೊ ಎಂಬ ಗ್ರಾಮಫೋನ್ ಸಂಸ್ಥೆಯ ಕಾರ್ಖಾನೆಯಲ್ಲಿ ತಟ್ಟೆಗಳನ್ನು ಕಟ್ಟಿಡುವ ಕೆಲಸಕ್ಕೆ ಆತ ಸೇರಿದ್ದ. ಕಟ್ಟಿಡುವವನಿಗೆ ಹಾಡಲೂ ಬರುತ್ತದೆಂದು ಸಂಸ್ಥೆಗೆ ತಿಳಿಯಿತು. ೧೯೩೯ರಲ್ಲಿ ತಂಡವನ್ನು ಸ್ಟುಡಿಯೊಗೆ ಕರೆದು 'ಎಂಬುಬೆ' ಎಂಬ ಹಾಡನ್ನು ಮುದ್ರಿಸಿಕೊಂಡರು. ಜುಲು ನುಡಿಯಲ್ಲಿ ಎಂಬುಬೆ ಎಂದರೆ ಸಿಂಹ. ಹಾಡಿನಲ್ಲಿ ಮಾತು ಹೆಚ್ಚಿಲ್ಲ. ಮೂರನೆಯ ಸಲ ಮುದ್ರಿಸುವಾಗ, ಹಾಡು ಮುಗಿಯುತ್ತ ಬಂದಂತೆ, ಮೊದಲು ಯೋಚಿಸಿಟ್ಟಿರದ ಸ್ವರಗುಚ್ಛವೊಂದು ಲಿಂಡಾನ ಕಂಠದಿಂದ ಹೊರಟಿತು. ಮುಂದೆ ಅರ್ಧ ಶತಮಾನಕ್ಕೂ ಮಿಕ್ಕಿ ಜಗತ್ತು ಗುನುಗಿದ್ದು ಆ ಕೆಲವು ಸ್ವರಗಳನ್ನೇ. ಹತ್ತು ವರ್ಷಗಳಲ್ಲಿ ಆಫ್ರಿಕದಲ್ಲಿ ಆ ತಟ್ಟೆಯ ಸುಮಾರು ಒಂದು ಲಕ್ಷ ಪ್ರತಿಗಳು ಮಾರಾಟವಾದವು. ಒಂದು ಇಡೀ ಗಾಯನಶೈಲಿಗೆ ಎಂಬುಬೆ ಎಂಬ ಹೆಸರೇ ನಿಂತಿತು. ಲಿಂಡಾನಿಗೆ ಸಂದದ್ದು ಹಾಡಿದ್ದಕ್ಕೆ ಒಂದಿಷ್ಟು ಕೂಲಿ. ಮಾರಾಟದಲ್ಲಿ ಪಾಲಿರಲಿಲ್ಲ, ಹಾಡಿನ ಹಕ್ಕೂ ಸಂಸ್ಥೆಯ ಕೈಸೇರಿತು. ಆತ ತಟ್ಟೆ ಕಟ್ಟುವ ಕೆಲಸದಲ್ಲೇ ಮುಂದುವರಿದ. ತನ್ನ ಹಾಡನ್ನು ತಾನೇ ಕಾಗದದಲ್ಲಿ ಸುತ್ತಿ ಎಷ್ಟು ಸಲ ಪೇಟೆಗೆ ಕಳಿಸಿದನೋ ಯಾರು ಬಲ್ಲರು!

ತಟ್ಟೆ ಕಡಲು ದಾಟಿತು. ಜನಪದ ಗೀತೆಗಳ ಸಂಗ್ರಾಹಕ ಅಲನ್ ಲೊಮ್ಯಾಕ್ಸ್ ೧೯೪೦ರ ದಶಕದ ಕೊನೆಯಲ್ಲಿ ತನ್ನ ಕೈಗೆ ಬಂದ ಆಫ್ರಿಕದ ಕೆಲವು ಮುದ್ರಿಕೆಗಳನ್ನು ಗಾಯಕ ಪೀಟ್ ಸೀಗರನಿಗೆ ಕೊಟ್ಟ. ಸೀಗರ್ ಎಂಬುಬೆಗೆ ಮನಸೋತ. ಹಾಡನ್ನು ಕೇಳಿ ಕೇಳಿ ಬರೆದುಕೊಂಡ. ಜುಲು ಭಾಷೆ ತಿಳಿಯದ ಆತನಿಗೆ 'ಉಯಿಂಬುಬೆ', ಎಂದರೆ 'ನೀನು ಸಿಂಹ', ಎಂಬ ನುಡಿ 'ವಿಮೊವೆ' ಎಂದು ಕೇಳಿಸಿತು. ಆತನ 'ವೀವರ್ಸ್' ತಂಡ ೧೯೫೧ರ ಕೊನೆಯಲ್ಲಿ ಅದನ್ನು ಮುದ್ರಿಸಿತು. ತಪ್ಪಾಗಿ ಕೇಳಿಸಿದ ಶಬ್ದವೇ ಹಾಡಿನ ಹೆಸರಾಯಿತು. ಹಳಗನ್ನಡದ ಓಲೆಗಳಲ್ಲಿ ಲಿಪಿಕಾರನ ಕೈತಪ್ಪು ಹೊಸ ಪದವನ್ನೇ ಸೃಷ್ಟಿಸುವುದನ್ನು ಬಲ್ಲ ನಮಗೆ ಇದು ಅಪರಿಚಿತವೇನಲ್ಲ. ಲಿಪಿಕಾರನಾದರೂ ಕವಿಯ ಹೆಸರನ್ನು ಬಿಡುತ್ತಿರಲಿಲ್ಲ. ಇಲ್ಲಿ ರಚಿಸಿದವನ ಜಾಗದಲ್ಲಿ 'ಪಾಲ್ ಕ್ಯಾಂಬೆಲ್' ಎಂದು ಅಚ್ಚಾಯಿತು. ಅಂಥ ಮನುಷ್ಯನೇ ಇರಲಿಲ್ಲ. ಕರ್ತೃ ತಿಳಿಯದ ಜನಪದ ಗೀತೆಗಳನ್ನು ಹೊಸದಾಗಿ ಅಳವಡಿಸಿದಾಗ ಸಂಭಾವನೆ ಪಡೆಯಲು ವೀವರ್ಸ್ ತಂಡದವರು ಇಟ್ಟುಕೊಂಡಿದ್ದ ಹುಸಿ ಹೆಸರು ಅದು. ಹನ್ನೆರಡು ವರ್ಷಗಳ ಹಿಂದೆ ಸ್ಟುಡಿಯೊದಲ್ಲಿ ಹುಟ್ಟಿದ ಹಾಡು, ಅದರ ಕರ್ತೃ ಜೊಹಾನ್ಸ್‌ಬರ್ಗಿನಲ್ಲಿ ಬದುಕಿರುವಾಗಲೇ, ಅನಾದಿಕಾಲದ ಜನಪದ ಗೀತೆಯಾಗಿಹೋಯಿತು.

ಹಾಗೆಂದು ಸೀಗರನನ್ನು ಕಳ್ಳನೆಂದು ಕರೆಯಲು ನನ್ನ ಮನಸ್ಸು ಒಪ್ಪದು. ದುಡಿಯುವವರ ಪರವಾಗಿ ಹಾಡಿ, ಅದೇ ಕಾರಣಕ್ಕೆ ಸರ್ಕಾರದ ಅವಕೃಪೆಗೆ ಗುರಿಯಾಗಿ, ವರ್ಷಗಟ್ಟಲೆ ರೇಡಿಯೊ ಟೆಲಿವಿಷನ್ನುಗಳಿಂದ ಬಹಿಷ್ಕೃತನಾಗಿದ್ದವನು ಆತ. ಮೂಲ ಕರ್ತೃವಿನ ಸುದ್ದಿ ತಿಳಿದಾಗ ಲಿಂಡಾನಿಗೆ ಸಾವಿರ ಡಾಲರ್ ಕಳಿಸಿದ. ಮುಂದೆಯೂ ಹಣ ಸಲ್ಲುವುದೆಂದು ನಂಬಿ ಸುಮ್ಮನಾದ. ವಿಚಾರಿಸಿ ನೋಡದೆ ಹೋದದ್ದು ತನ್ನ ತಪ್ಪೆಂದು ಮುಪ್ಪಿನಲ್ಲಿ ಒಪ್ಪಿಕೊಂಡ. ದುಷ್ಟರ ಕೇಡಿಗಿಂತ ಸಜ್ಜನರ ಅಜಾಗ್ರತೆಯಿಂದ ಆದ ನಷ್ಟವೇ ಲೋಕದಲ್ಲಿ ಹೆಚ್ಚೇನೋ.

ಹಾಡಿನ ಪಯಣ ಅಲ್ಲಿಗೆ ನಿಲ್ಲಲಿಲ್ಲ. ೧೯೬೧ರಲ್ಲಿ 'ಟೋಕನ್ಸ್' ಎಂಬ ತರುಣರ ತಂಡಕ್ಕಾಗಿ ಜಾರ್ಜ್ ಡೇವಿಡ್ ವೈಸ್ ಎಂಬ ಗೀತಕಾರ ಹೊಸ ಇಂಗ್ಲಿಷ್ ಮಾತುಗಳನ್ನು ಬರೆದ. ಅವುಗಳನ್ನು ಹೊಂದಿಸಿದ ಧಾಟಿ, ಲಿಂಡಾ ಅಂದು ಮೂರನೆಯ ಸಲ ಹಾಡುವಾಗ ಕಂಠದಿಂದ ಹೊರಟ ಆ ಸ್ವರಗುಚ್ಛವೇ. 'ದಿ ಲಯನ್ ಸ್ಲೀಪ್ಸ್ ಟುನೈಟ್' ಎಂಬ ಹೆಸರಿನಿಂದ ಹೊರಬಂದ ಈ ಹಾಡು ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಮುಂದೆ ೧೯೭೨ರಲ್ಲಿ ರಾಬರ್ಟ್ ಜಾನ್, ೧೯೮೨ರಲ್ಲಿ ಇಂಗ್ಲೆಂಡಿನ 'ಟೈಟ್ ಫಿಟ್' ತಂಡ ಅದನ್ನು ಮತ್ತೆ ಹಾಡಿ ಗೆದ್ದರು. ೧೯೯೪ರಲ್ಲಿ ಡಿಸ್ನಿ ಸಂಸ್ಥೆಯ 'ದಿ ಲಯನ್ ಕಿಂಗ್' ಚಿತ್ರವನ್ನು ಅದು ಹೊಕ್ಕಿತು. ನಮ್ಮ ಹುಡುಗ ಹೇಳಿದ ಸಿನಿಮಾ ಇದೇ.

ಲಿಂಡಾ ಇದನ್ನೆಲ್ಲ ನೋಡಲಿಲ್ಲ. ೧೯೫೯ರಲ್ಲಿ ಹಾಡುತ್ತಿದ್ದಾಗಲೇ ವೇದಿಕೆಯ ಮೇಲೆ ಕುಸಿದುಬಿದ್ದ ಆತ, ತನ್ನ ಹಾಡು ಅಮೆರಿಕವನ್ನು ಗೆದ್ದ ಮರುವರ್ಷ, ೧೯೬೨ರಲ್ಲಿ ಮೂತ್ರಪಿಂಡದ ರೋಗದಿಂದ ತೀರಿಕೊಂಡ. ಬ್ಯಾಂಕಿನಲ್ಲಿ ಉಳಿದಿದ್ದ ಹಣ ಇಪ್ಪತ್ತೈದು ಡಾಲರಿಗೂ ಕಡಿಮೆ. ಗೋರಿಯ ಮೇಲೊಂದು ಕಲ್ಲು ನಿಲ್ಲಿಸಲು ಆತನ ಹೆಂಡತಿಗೆ ಹದಿನೆಂಟು ವರ್ಷ ಹಿಡಿಯಿತು. ಹೆಸರು ಹೋದದ್ದು ತಟ್ಟೆಯ ಮೇಲಿನಿಂದ ಮಾತ್ರವಲ್ಲ. ಗೋರಿಯ ಮೇಲೂ ಅಷ್ಟು ಕಾಲ ಅದು ಇರಲಿಲ್ಲ.

೨೦೦೦ದಲ್ಲಿ ದಕ್ಷಿಣ ಆಫ್ರಿಕದ ಲೇಖಕ ರಿಯನ್ ಮಲಾನ್ 'ರೋಲಿಂಗ್ ಸ್ಟೋನ್' ಪತ್ರಿಕೆಯಲ್ಲಿ ಈ ಕಥೆಯನ್ನೆಲ್ಲ ಬಿಡಿಸಿ ಬರೆದ. ಹಾಡು ಅಷ್ಟು ಹೊತ್ತಿಗೆ ಸುಮಾರು ಒಂದೂವರೆ ಕೋಟಿ ಡಾಲರ್ ಗಳಿಸಿರಬೇಕೆಂದು ಅಂದಾಜು ಮಾಡಿದ. ಲೇಖನ ಓದಿದ ಲೋಕ ಲಿಂಡಾನ ಹೆಣ್ಣುಮಕ್ಕಳತ್ತ ತಿರುಗಿ ನೋಡಿತು. ಹಕ್ಕನ್ನು ಬರೆದುಕೊಟ್ಟಾಗಿದೆ, ಇನ್ನೇನು ದಾರಿ? ದಾರಿ ತೋರಿಸಿದವನು ಓವೆನ್ ಡೀನ್ ಎಂಬ ವಕೀಲ. ಬ್ರಿಟಿಷ್ ಸಾಮ್ರಾಜ್ಯದ ೧೯೧೧ರ ಕೃತಿಸ್ವಾಮ್ಯ ಕಾನೂನಿನಲ್ಲಿ ಒಂದು ನಿಯಮವಿತ್ತು. ಕರ್ತೃ ತನ್ನ ಹಕ್ಕನ್ನು ಯಾರಿಗೆ ಮಾರಿದ್ದರೂ, ಆತ ಸತ್ತ ಇಪ್ಪತ್ತೈದು ವರ್ಷಗಳ ಮೇಲೆ ಅದು ವಾರಸುದಾರರಿಗೆ ಮರಳುತ್ತದೆ. ಲಿಂಡಾ ಸತ್ತದ್ದು ೧೯೬೨. ಎಂದರೆ ೧೯೮೭ರಿಂದ ಆ ಕಾನೂನಿನ ಆಳ್ವಿಕೆಯಿದ್ದ ನಾಡುಗಳಲ್ಲಿ ಹಾಡು ಮಕ್ಕಳದು. ಈ ಆಧಾರದ ಮೇಲೆ ೨೦೦೪ರಲ್ಲಿ ಡಿಸ್ನಿ ಸಂಸ್ಥೆಯ ಮೇಲೆ ದಾವೆ ಹೂಡಿದರು. ಹೊರದೇಶದ ಸಂಸ್ಥೆಯನ್ನು ತನ್ನ ವ್ಯಾಪ್ತಿಗೆ ತರಲು ದಕ್ಷಿಣ ಆಫ್ರಿಕದ ನ್ಯಾಯಾಲಯ ಆ ದೇಶದಲ್ಲಿದ್ದ ಅದರ ವ್ಯಾಪಾರಮುದ್ರೆಗಳನ್ನು ಜಪ್ತಿ ಮಾಡಿತು. ಸಿಂಹದ ಹಾಡಿಗಾಗಿ ಮಿಕ್ಕಿ ಮೌಸ್ ಎಂಬ ಇಲಿ ಜಪ್ತಿಗೆ ಒಳಗಾದದ್ದು ಪಂಚತಂತ್ರದ ಕರ್ತೃವಿಗೂ ಹೊಳೆಯದ ಪ್ರಸಂಗ! ೨೦೦೬ರ ಫೆಬ್ರವರಿಯಲ್ಲಿ ಹಾಡಿನ ಅಮೆರಿಕನ್ ಹಕ್ಕುದಾರರೊಡನೆ ರಾಜಿಯಾಯಿತು. ಇಂಗ್ಲಿಷ್ ಹಾಡು ಎಂಬುಬೆಯಿಂದ ಹುಟ್ಟಿದ್ದೆಂದು ಒಪ್ಪಿ, ಲಿಂಡಾನನ್ನು ಸಹಕರ್ತೃವೆಂದು ಹೆಸರಿಸಿ, ೧೯೮೭ರಿಂದಾಚೆಯ ಸಂಭಾವನೆಯಲ್ಲಿ ಕುಟುಂಬಕ್ಕೆ ಪಾಲು ಕೊಡಲು ಅವರು ಸಮ್ಮತಿಸಿದರು.

೧೯೧೧ರ ಆ ಕಾನೂನು ನಮಗೂ ಹೊರತಾದದ್ದಲ್ಲ. ೧೯೧೪ರ ಕಾಯಿದೆಯ ಮೂಲಕ ಅದು ಭಾರತದಲ್ಲೂ ನಡೆಯುತ್ತಿತ್ತು. ೧೯೫೭ರ ನಮ್ಮ ಸ್ವಂತ ಕಾಯಿದೆ ೧೯೫೮ರ ಜನವರಿಯಲ್ಲಿ ಜಾರಿಗೆ ಬಂದ ಮೇಲೆ ತೆರೆಮರೆಗೆ ಸರಿಯಿತು. ನಮ್ಮ ಕಾಯಿದೆಯೂ ಮರುಹಾಡಿಗೆ ಎಡೆಕೊಟ್ಟಿತು. ಆ ಎಡೆಯಲ್ಲಿಯೇ ೧೯೮೦ರ ದಶಕದ ಕ್ಯಾಸೆಟ್ಟುಗಳ ಭರಾಟೆಯಲ್ಲಿ ಹಳೆಯ ಚಿತ್ರಗೀತೆಗಳನ್ನು ಹೊಸಬರು ಹಾಡಿದ ಅಗ್ಗದ 'ವರ್ಷನ್'ಗಳು ಪೇಟೆಯನ್ನು ತುಂಬಿದವು. ೨೦೧೨ರ ತಿದ್ದುಪಡಿಯ ನಂತರ ಮೊದಲ ಮುದ್ರಣವಾದ ವರ್ಷ ಕಳೆದು ಐದು ವರ್ಷವಾಗುವವರೆಗೆ ಮರುಹಾಡು ಮುದ್ರಿಸುವಂತಿಲ್ಲ. ಮುದ್ರಿಸಿದರೆ ಅದು ಮರುಹಾಡೆಂದು ಹೊದಿಕೆಯ ಮೇಲೆ ಹೇಳಲೇಬೇಕು. ಇದಕ್ಕಿಂತ ನನಗೆ ಮುಖ್ಯವೆನಿಸಿದ್ದು ಅದೇ ಕಾಯಿದೆಯ ಐವತ್ತೇಳನೆಯ ಕಲಮು. ಹಕ್ಕನ್ನು ಪೂರ್ತಿ ಮಾರಿಬಿಟ್ಟ ಮೇಲೂ, ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಅಧಿಕಾರ ಕರ್ತೃವಿಗೆ ಉಳಿದೇ ಇರುತ್ತದೆಂದು ಅದು ಹೇಳುತ್ತದೆ.

ನಮ್ಮ ದಾಸರೂ ಶರಣರೂ ಇದನ್ನು ಕಲಮುಗಳಿಲ್ಲದೆ ಸಾಧಿಸಿದ್ದರು. ಪುರಂದರವಿಠಲ ಎಂದಾಗ, ಕಾಗಿನೆಲೆಯಾದಿಕೇಶವ ಎಂದಾಗ, ಕೂಡಲಸಂಗಮದೇವ ಎಂದಾಗ ಹಾಡು ತನ್ನ ಗುರುತಿನ ಚೀಟಿಯನ್ನು ತನ್ನೊಳಗೇ ಹೊತ್ತು ನಡೆಯುತ್ತದೆ. ತಟ್ಟೆಯ ಮೇಲಿನ ಅಚ್ಚನ್ನು ಅಳಿಸಬಹುದು. ಪದದ ಕೊನೆಯ ನುಡಿಯನ್ನು ಅಳಿಸಿದರೆ ಹಾಡೇ ಕುಂಟುತ್ತದೆ. ಹೆಸರು ತಮ್ಮದಲ್ಲ, ದೈವದ್ದು ಎಂದು ಅವರು ತಿಳಿದದ್ದು ನಿಜ. ಆದರೂ ನೂರಾರು ವರ್ಷ, ಸಾವಿರಾರು ಕಂಠಗಳನ್ನು ದಾಟಿದ ಮೇಲೂ ಹಾಡು ಕರ್ತೃವಿನ ಮನೆಯ ದಾರಿ ಮರೆಯಲಿಲ್ಲ.

ಇಷ್ಟು ಹೇಳಿ ಬೆನ್ನು ತಟ್ಟಿಕೊಳ್ಳೋಣವೆಂದರೆ ಆ ಹುಡುಗಿಯ ಪ್ರಶ್ನೆ ಅಡ್ಡ ಬರುತ್ತದೆ. ಅಂಕಿತ ಕಾಯುವುದು ಮಾತನ್ನು, ಧಾಟಿಗೆ ಅಂಕಿತವಿಲ್ಲ. ದಾಸರು ಹಾಡಿದ ಧಾಟಿಗಳಲ್ಲಿ ಬಹುಪಾಲು ಕಳೆದುಹೋಗಿವೆ. ಇಂದು ನಾವು ಕೇಳುವುದು ಹೆಚ್ಚಾಗಿ ನಂತರದವರು ರಾಗ ಹೊಂದಿಸಿ ಹಾಡಿದ್ದನ್ನು. ಅವರು ಯಾರು? ಭಜನಾಮಂಡಳಿಗಳ ಹಿರಿಯರು, ಮನೆಮನೆಗೆ ಹೋಗಿ ಪಾಠ ಹೇಳಿದ ಸಂಗೀತದ ಮೇಷ್ಟ್ರುಗಳು, ತೊಟ್ಟಿಲು ತೂಗಿದ ತಾಯಂದಿರು. ಲಿಂಡಾನ ಹಾಡಿನಿಂದ ಜುಲು ಮಾತು ಉದುರಿ ಧಾಟಿ ಉಳಿಯಿತು. ನಮ್ಮಲ್ಲಿ ಮಾತು ಉಳಿದು ಧಾಟಿ ಕಟ್ಟಿದವರು ಉದುರಿಹೋದರು. ಅಮೆರಿಕದವರನ್ನು ಆಕ್ಷೇಪಿಸುವ ಬೆರಳು ಅರ್ಧ ನಮ್ಮ ಕಡೆಗೂ ಬಾಗುತ್ತದೆ.

ಕಳೆದ ವಾರ ತರಗತಿಯಲ್ಲಿ ಲಿಂಡಾನ ಕಥೆ ಹೇಳಿದೆ. ಸಿಂಹದ ಹಾಡು ಹಾಡಿದ ಹುಡುಗರು ತಮ್ಮ ಪುಸ್ತಕದಲ್ಲಿ ಆ ಹೆಸರನ್ನು ಬರೆದುಕೊಂಡರು. ಹುಡುಗಿ ಬೇರೆ ಸುದ್ದಿ ತಂದಿದ್ದಳು. ತಾನು ಹಾಡಿದ ಧಾಟಿ ಯಾರದೆಂದು ತನ್ನ ಸಂಗೀತದ ಟೀಚರನ್ನು ಕೇಳಿದಳಂತೆ. ಅವರು ತಮ್ಮ ಗುರುಗಳ ಹೆಸರು ಹೇಳಿ, ಆ ಗುರುಗಳು ತಮ್ಮ ಸೋದರತ್ತೆಯಿಂದ ಕಲಿತರೆಂದರಂತೆ. ಸೋದರತ್ತೆಯ ಹೆಸರು ಟೀಚರಿಗೆ ತಿಳಿಯದು. ಗುರುಗಳು ಈಗಿಲ್ಲ.

"ಅಷ್ಟನ್ನೇ ಬರೆದಿಡಮ್ಮ" ಎಂದೆ.